ಕಲಿಯುವ ಕೈಗೊಂದು ಮರದ ಕುದುರೆ

ಈ ವರ್ಷ ಎಂಟನೆಯ ತರಗತಿಯಲ್ಲಿ ಮಹಾಭಾರತದ ಪಾಠ ನಡೆದಿತ್ತು. ‘ಅರ್ಜುನನು ಬಿಲ್ಲಿಗೆ ಹೆದೆಯೇರಿಸಿದನು’ ಎಂಬ ವಾಕ್ಯ ಬಂದಾಗ, ಹೆದೆ ಎಂದರೇನು ಎಂದು ಕೇಳಿದೆವು. ಇಡೀ ತರಗತಿ ಮೌನವಾಯಿತು. ಕೊನೆಗೊಬ್ಬ ಹುಡುಗ ಧೈರ್ಯಮಾಡಿ, “ಹಾವಿನ ಹೆಡೆ ಸರ್” ಎಂದ. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಮನೆಗೆ ಹೋಗುವಾಗ ನಗೆ ಉಳಿಯಲಿಲ್ಲ. ಆ ಹುಡುಗ ಬಿಲ್ಲನ್ನು ಚಿತ್ರದಲ್ಲಿ ಮಾತ್ರ ನೋಡಿದ್ದಾನೆ. ಮುಟ್ಟದ ವಸ್ತುವಿನ ಹೆಸರು ನಾಲಿಗೆಯಲ್ಲಿ ನಿಲ್ಲುವುದಾದರೂ ಹೇಗೆ?

ಬಿಲ್ಲಿನ ಮಾತು ಹಾಗಿರಲಿ. ನೊಗ, ಮೇಟಿ, ಕುಂಟೆ, ಕೂರಿಗೆ, ಬಾಚಿ, ಉಳಿ, ಬೈರಿಗೆ — ಇವುಗಳಲ್ಲಿ ಎಷ್ಟನ್ನು ನಮ್ಮ ಮಕ್ಕಳು ಗುರುತಿಸಬಲ್ಲರು? ನಮ್ಮದು ಗಡಿಯ ಸೀಮೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳೂ ಕಲಬುರ್ಗಿ ಜಿಲ್ಲೆಯ ಕೊಡಂಗಲ್ ತಾಲೂಕೂ ಮಹಬೂಬನಗರ ಜಿಲ್ಲೆಗೆ ಸೇರಿದವು. 2019ರಲ್ಲಿ ಅದೇ ಮಹಬೂಬನಗರದಿಂದ ನಮ್ಮ ನಾರಾಯಣಪೇಟೆ ಜಿಲ್ಲೆ ಬೇರೆಯಾಯಿತು. ಕಚೇರಿಯ ಭಾಷೆ ಬದಲಾದರೂ ಇಲ್ಲಿ ಕನ್ನಡ ಉಳಿದದ್ದು ಹೊಲದಲ್ಲಿ, ಅಡುಗೆಮನೆಯಲ್ಲಿ, ಬಡಿಗನ ಅಂಗಳದಲ್ಲಿ. ಆ ಅಂಗಳ ಬರಿದಾದರೆ ಅಲ್ಲಿದ್ದ ಕನ್ನಡವೂ ಹೋಗುತ್ತದೆ. ಪಠ್ಯಪುಸ್ತಕವೊಂದರಿಂದಲೇ ಅದನ್ನು ಮರಳಿ ತರಲಾಗದು.

ಇನ್ನೊಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಹಿಂದೊಮ್ಮೆ ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವಾಗ ಬಡಿಗರ ಮನೆಯ ಹುಡುಗನೊಬ್ಬ ತಂದೆಯ ಉದ್ಯೋಗದ ಮುಂದೆ ‘ಕೂಲಿ’ ಎಂದು ಬರೆದ. ಅವನ ತಂದೆ ಕೂರಿಗೆ ಕಟ್ಟುವುದರಲ್ಲಿ ನುರಿತವರೆಂದು ನಮಗೆ ಗೊತ್ತಿತ್ತು. ಆದರೂ ನಾವು ತಿದ್ದಲಿಲ್ಲ. ಸುಮ್ಮನೆ ಸಹಿ ಮಾಡಿದೆವು. ಆ ಸಹಿ ಇಂದಿಗೂ ನಮ್ಮನ್ನು ಚುಚ್ಚುತ್ತದೆ. ಕೈಕಸುಬು ನಾಚಿಕೆಯ ವಿಷಯವೆಂದು ಆ ಹುಡುಗ ಕಲಿತದ್ದು ಎಲ್ಲಿ? ಶಾಲೆಯಲ್ಲಿಯೇ ಅಲ್ಲವೇ?

ಆದುದರಿಂದ ನಮ್ಮದೊಂದು ಸಲಹೆ. ನಮ್ಮ ಶಾಲೆಯಲ್ಲಿ ಒಂದು ‘ಕೀಸುವ ಕುದುರೆ’ಯನ್ನು ಮಾಡಿ ನಿಲ್ಲಿಸೋಣ. ಇಂಗ್ಲಿಷಿನಲ್ಲಿ ಇದಕ್ಕೆ ಷೇವಿಂಗ್ ಹಾರ್ಸ್ ಎನ್ನುತ್ತಾರೆ. ಯುರೋಪಿನ ಹಳ್ಳಿಗಳಲ್ಲಿ ಶತಮಾನಗಳ ಕಾಲ ಬಳಕೆಯಲ್ಲಿದ್ದ ಸಾಧನವಿದು. ಇಂಗ್ಲೆಂಡಿನ ಹೈ ವಿಕಂಬ್ ಸುತ್ತಲಿನ ಕಾಡುಗಳಲ್ಲಿ ಕುರ್ಚಿಯ ಕಾಲು ಮಾಡುತ್ತಿದ್ದವರು ಇದರ ಮೇಲೆ ಕುಳಿತೇ ಮರ ಕೀಸುತ್ತಿದ್ದರು. ಕುದುರೆಯ ಮೇಲೆ ಕುಳಿತಂತೆ ಕಾಲು ಇಳಿಬಿಟ್ಟು ಕೂರುವುದರಿಂದ ಈ ಹೆಸರು.

ಇದರ ರಚನೆ ಸರಳ. ಸುಮಾರು ಐದು ಅಡಿ ಉದ್ದದ, ಒಂದೂವರೆ ಅಡಿ ಎತ್ತರದ ಒಂದು ಬೆಂಚು. ಮೂರು ಕಾಲು ಸಾಕು; ತಗ್ಗುದಿನ್ನೆಯ ನೆಲದಲ್ಲಿಯೂ ಮೂರು ಕಾಲಿನದು ಅಲುಗುವುದಿಲ್ಲ. ಬೆಂಚಿನ ಮುಂಭಾಗದಲ್ಲಿ ಇಳಿಜಾರಾದ ಒಂದು ಹಲಗೆ. ಆ ಹಲಗೆಯನ್ನೂ ಬೆಂಚನ್ನೂ ತೂರಿ ಒಂದು ಉದ್ದನೆಯ ತೋಳು ಕೆಳಗಿಳಿದಿರುತ್ತದೆ. ಅದರ ನಡುವೆ ಒಂದು ಕೀಲು, ಮೇಲೆ ದಪ್ಪನೆಯ ತಲೆ, ಕೆಳಗೆ ಕಾಲಿಡಲು ಅಡ್ಡಕಟ್ಟಿಗೆ. ಕೆಲಸದ ಮರವನ್ನು ತಲೆಯ ಕೆಳಗಿಟ್ಟು ಕಾಲಿನಿಂದ ಅಡ್ಡಕಟ್ಟಿಗೆಯನ್ನು ಮುಂದಕ್ಕೆ ಒತ್ತಿದರೆ, ತಲೆ ಹಿಂದಕ್ಕೆ ಬಾಗಿ ಮರವನ್ನು ಹಲಗೆಗೆ ಅದುಮಿ ಹಿಡಿಯುತ್ತದೆ. ಕಾಲು ಸಡಿಲಿಸಿದರೆ ಮರ ಬಿಡುಗಡೆ. ಎರಡು ಹಿಡಿಯ ಕತ್ತಿಯಿಂದ ತಮ್ಮ ಕಡೆಗೆ ಎಳೆದು ಕೀಸುವಾಗ, ಎಳೆತ ಹೆಚ್ಚಿದಂತೆ ಕಾಲು ತಾನಾಗಿಯೇ ಹೆಚ್ಚು ಒತ್ತುತ್ತದೆ, ಹಿಡಿತವೂ ಬಿಗಿಯಾಗುತ್ತದೆ.

ವಿಜ್ಞಾನದ ಪಾಠದಲ್ಲಿ ಬರುವ ಸನ್ನೆಕೋಲು ಇದೇ. ಕೀಲಿನ ಕೆಳಗಿನ ತೋಳು ಮೇಲಿನದರ ಎರಡರಷ್ಟು ಉದ್ದವಿದ್ದರೆ, ಕಾಲಿನ 10 ಕಿಲೋ ತೂಕದಷ್ಟು ಒತ್ತಡ ಮೇಲೆ ಸುಮಾರು 20 ಕಿಲೋ ಆಗುತ್ತದೆ. ಕಪ್ಪುಹಲಗೆಯ ಲೆಕ್ಕವನ್ನು ವಿದ್ಯಾರ್ಥಿ ತನ್ನ ಅಂಗಾಲಿನಿಂದಲೇ ತಿಳಿಯಬಹುದು.

ಪರದೇಶದ ಸಾಧನ ನಮಗೇಕೆ ಎಂದು ಕೇಳಬಹುದು. ನಮ್ಮ ಬಡಿಗರು ನೆಲದ ಮೇಲೆ ಕುಳಿತು ಮರವನ್ನು ಪಾದದಿಂದ ಒತ್ತಿ ಹಿಡಿದು ಬಾಚಿಯಿಂದ ಕೆತ್ತುತ್ತಾರೆ. ಕಾಲು ಹಿಡಿಯಬೇಕು, ಕೈ ಕೆತ್ತಬೇಕು ಎಂಬ ತತ್ತ್ವ ಎರಡರಲ್ಲಿಯೂ ಒಂದೇ. ಆದರೆ ಬಾಚಿ ಪಾದದ ಸಮೀಪದಲ್ಲಿಯೇ ಬೀಳುತ್ತದೆ. ಅದಕ್ಕೆ ಬಹುವರ್ಷದ ಅಭ್ಯಾಸ ಬೇಕು. ಕುದುರೆಯ ಮೇಲಾದರೆ ಪಾದ ಅಲಗಿನಿಂದ ದೂರ ಕೆಳಗಿರುತ್ತದೆ. ಹೊಸದಾಗಿ ಕಲಿಯುವ ಮಕ್ಕಳಿಗೆ ಇದೇ ಮೇಲು. ಆ ಕುದುರೆಯನ್ನು ಊರ ಜಾಲಿ ಅಥವಾ ಬೇವಿನ ಮರದಿಂದ ಊರ ಬಡಿಗರೇ ಮಾಡಿಕೊಡಲಿ, ಅವರೇ ಗುರುವಾಗಿ ನಿಂತು ಕಲಿಸಲಿ.

ಮೊದಲು ಕೊಡಲಿಯ ಕಾವು, ಕುಡುಗೋಲಿನ ಹಿಡಿ ಮಾಡಿಸೋಣ. ಆಮೇಲೆ ಬಿಲ್ಲು. ಹಿಂದಿನ ನಮ್ಮ ಮಹಬೂಬನಗರ ಜಿಲ್ಲೆಯಲ್ಲಿಯೇ ಇದ್ದ ನಲ್ಲಮಲ ಕಾಡಿನ ಚೆಂಚು ಜನರು ಬಿಲ್ಲುಬಾಣದಲ್ಲಿ ಹೆಸರಾದವರು. ಬಿದಿರಿನ ಬಿಲ್ಲು ಕಡಿಮೆಯ ವಸ್ತುವಲ್ಲ. ರಾಜಸ್ಥಾನದ ಗುಡ್ಡಗಾಡಿನಲ್ಲಿ ಬಿದಿರಿನ ಬಿಲ್ಲು ಹಿಡಿದು ಬೆಳೆದ ಲಿಂಬಾ ರಾಮ್ 1988, 1992, 1996ರ ಮೂರು ಒಲಿಂಪಿಕ್ ಕೂಟಗಳಲ್ಲಿ ಭಾರತದ ಪರವಾಗಿ ಬಾಣ ಬಿಟ್ಟರು.

ಬಿದಿರಿನ ಹೊರಮೈ ನಾರು ಒತ್ತಾಗಿ ಬಲವಾಗಿರುತ್ತದೆ. ಬಿಲ್ಲು ಬಾಗಿದಾಗ ಬೆನ್ನು ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಆದ್ದರಿಂದ ಹೊರಮೈಯನ್ನು ಬೆನ್ನಾಗಿ ಇಟ್ಟುಕೊಂಡು ಅದಕ್ಕೆ ಅಲಗು ತಾಗಿಸದೆ, ಒಳಮೈಯನ್ನು ಮಾತ್ರ ತುಸುತುಸುವೇ ಕೀಸಬೇಕು. ಆಗಾಗ ಬಾಗಿಸಿ, ಎರಡು ಕಡೆಯೂ ಸಮನಾಗಿ ಬಾಗುತ್ತದೆಯೇ ಎಂದು ನೋಡಬೇಕು. ಒಂದು ಕಡೆ ಹೆಚ್ಚು ಕೀಸಿದರೆ ಬಿಲ್ಲು ಅಲ್ಲಿಯೇ ಮುರಿಯುತ್ತದೆ. ತೆಗೆದ ಮರವನ್ನು ಮತ್ತೆ ಅಂಟಿಸಲು ಬರುವುದಿಲ್ಲ. ತಾಳ್ಮೆಯ ಬಗ್ಗೆ ನಾವು ಮಾಡುವ ಹತ್ತು ಉಪದೇಶಕ್ಕಿಂತ ಮುರಿದ ಒಂದು ಬಿದಿರು ಹೆಚ್ಚು ಕಲಿಸೀತು.

ಪೋಷಕರ ಆಕ್ಷೇಪಣೆಗಳನ್ನು ಬಲ್ಲೆವು. “ನಾವು ಪಟ್ಟ ಕಷ್ಟ ಮಕ್ಕಳಿಗೆ ಬೇಡವೆಂದೇ ಶಾಲೆಗೆ ಕಳಿಸಿದ್ದೇವೆ, ಮತ್ತೆ ಕಟ್ಟಿಗೆ ಕೆತ್ತಿಸುತ್ತೀರಾ?” ಎಂದು ಕೇಳುವ ತಾಯಿಯ ಮಾತಿನಲ್ಲಿ ನ್ಯಾಯವಿದೆ. ಯಾವ ಮಗುವೂ ಹುಟ್ಟಿದ ಮನೆಯ ಕಸುಬಿಗೇ ಕಟ್ಟುಬೀಳಬಾರದು. ನಾವು ಹೇಳುವುದೂ ಅದನ್ನೇ: ಬಡಿಗರ ಮಗ ವೈದ್ಯನಾಗಲಿ, ಅಧಿಕಾರಿಯ ಮಗಳು ಉಳಿ ಹಿಡಿಯಲು ಕಲಿಯಲಿ. ಎಲ್ಲರೂ ಸೇರಿ ಮಾಡಿದ ಕೆಲಸ ಯಾರಿಗೂ ಕೀಳಾಗದು. ಗಾಂಧೀಜಿ 1937ರಲ್ಲಿ ವಾರ್ಧಾದ ಸಮ್ಮೇಳನದಲ್ಲಿ ಕೈಕೆಲಸದ ಮೂಲಕ ಶಿಕ್ಷಣವೆಂಬ ವಿಚಾರವನ್ನು ಮುಂದಿಟ್ಟರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೆಯ ತರಗತಿಯವರಿಗೆ ಚೀಲವಿಲ್ಲದ 10 ದಿನಗಳನ್ನು ಹೇಳಿ, ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಲು ಸೂಚಿಸಿದೆ. ಅದರಲ್ಲಿ ಮರಗೆಲಸವೂ ಉಂಟು.

ಪರೀಕ್ಷೆಯ ಚಿಂತೆ ಬೇಡ. ಹತ್ತನೆಯ ತರಗತಿಯವರನ್ನು ಬಿಟ್ಟು ಉಳಿದವರಿಗೆ ವಾರಕ್ಕೊಂದು ಅವಧಿ ಸಾಕು. ಅಪಾಯದ ಅಂಜಿಕೆಗೂ ಉತ್ತರವಿದೆ. ಬಿಲ್ಲುಗಳು ಹಗುರವಾಗಿರಲಿ, ಬಾಣಕ್ಕೆ ಮೊನೆ ಬೇಡ, ಗುರಿ ಜೋಳದ ಕಣಿಕೆಯ ಕಟ್ಟು ಮಾತ್ರ. ಹಿರಿಯರೊಬ್ಬರು ಎದುರಿಗಿಲ್ಲದೆ ಕತ್ತಿಯನ್ನಾಗಲಿ ಬಿಲ್ಲನ್ನಾಗಲಿ ಯಾರೂ ಮುಟ್ಟಬಾರದು.

ಪೋಷಕರೇ, ನಿಮ್ಮ ಹೊಲದ ಬದುವಿನಲ್ಲಿ ಬಿದ್ದ ಬೇವಿನ ದಿಮ್ಮಿಯಿದ್ದರೆ ಶಾಲೆಗೆ ಕೊಡಿ. ಬಡಿಗರ ಮನೆಯ ಹಿರಿಯರೇ, ವಾರಕ್ಕೊಂದು ಗಂಟೆ ಬನ್ನಿ. ನಿಮಗೆ ಕುರ್ಚಿ ಹಾಕಿ ಕೂರಿಸಿ, ನಾವೂ ಮಕ್ಕಳ ಸಾಲಿನಲ್ಲಿ ಕುಳಿತು ಕಲಿಯುತ್ತೇವೆ. ವಿದ್ಯಾರ್ಥಿಗಳೇ, ಅಂದು ನೀವೇ ಮಾಡಿದ ಬಿಲ್ಲಿಗೆ ನೀವೇ ಹೆದೆಯೇರಿಸಿರಿ. ಮುಂದಿನ ಸಲ ಅರ್ಜಿಯಲ್ಲಿ ತಂದೆಯ ಉದ್ಯೋಗ ಬರೆಯುವಾಗ ‘ಬಡಿಗ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ನಾವು ಸಂತೋಷದಿಂದ ಸಹಿ ಮಾಡುತ್ತೇವೆ.