ಜೇನು ಸಾಕಿದ ಕವಿವೈದ್ಯ ಮತ್ತು ಹಸುಗೂಸಿನ ಘುಟ್ಟಿ

ಹೆರಿಗೆಯಾದ ಮನೆಗೆ ಜೇನಿನ ಬಾಟಲಿ ಹಿಡಿದು ಹೋಗುವ ಬಂಧುಗಳು ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಈಗಲೂ ಇದ್ದಾರೆ. ದಾದಿಯೋ ನಾನಿಯೋ ಅದನ್ನು ಬೆರಳಿನಿಂದ ಮಗುವಿನ ನಾಲಿಗೆಗೆ ಸವರುತ್ತಾರೆ. ಇದು ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಜೇನನ್ನು ಹಗುರ ಮಾಡಿ ಹೇಳುತ್ತಿಲ್ಲ; ಕುರ್‌ಆನಿನ 16ನೇ ಅಧ್ಯಾಯದ ಹೆಸರೇ ಅನ್ನಹ್ಲ್, ಅಂದರೆ ಜೇನುನೊಣ. ಜೇನನ್ನು ಜೀವದಂತೆ ಪ್ರೀತಿಸಿದ ಒಬ್ಬ ವೈದ್ಯರ ಬದುಕನ್ನು ಮೊದಲು ನೋಡಿ.

ಅಹ್ಮದ್ ಝಕಿ ಅಬೂ ಶಾದಿ 1892ರಲ್ಲಿ ಕೈರೋದಲ್ಲಿ ಹುಟ್ಟಿದರು. 1912ರಲ್ಲಿ ವೈದ್ಯಕೀಯ ಓದಲು ಇಂಗ್ಲೆಂಡಿಗೆ ಹೋಗಿ ಸೂಕ್ಷ್ಮಾಣುಗಳ ಅಧ್ಯಯನ ಹಿಡಿದರು. ಅಲ್ಲೇ ಜೇನಿನ ಗೀಳು ಹತ್ತಿತು. 1919ರಲ್ಲಿ ಜೇನು ಸಾಕುವವರಿಗಾಗಿ ಏಪಿಸ್ ಕ್ಲಬ್ ಕಟ್ಟಿ, ‘ಬೀ ವರ್ಲ್ಡ್’ ಎಂಬ ಪತ್ರಿಕೆ ಶುರುಮಾಡಿದರು. 1922ರಲ್ಲಿ ಈಜಿಪ್ಟಿಗೆ ಮರಳಿ ಸರ್ಕಾರಿ ಪ್ರಯೋಗಾಲಯದ ಕೆಲಸಕ್ಕೆ ಸೇರಿದರು. ಹಗಲು ಸೂಕ್ಷ್ಮದರ್ಶಕ, ಉಳಿದ ಹೊತ್ತು ಕವಿತೆ ಮತ್ತು ಜೇನು. 1932ರಲ್ಲಿ ಅವರು ಆರಂಭಿಸಿದ ‘ಅಪೊಲೊ’ ಎರಡೇ ವರ್ಷ ನಡೆದರೂ ಅರಬಿ ಕಾವ್ಯದ ದಿಕ್ಕು ಬದಲಿಸಿತು. ಆ ಬಳಗದ ಇನ್ನೊಬ್ಬ ದೊಡ್ಡ ಕವಿ ಇಬ್ರಾಹಿಂ ನಾಜಿ ಕೂಡ ವೈದ್ಯರೇ! 1946ರಲ್ಲಿ ಅಮೆರಿಕಕ್ಕೆ ಹೋದ ಅಬೂ ಶಾದಿ 1955ರಲ್ಲಿ ವಾಷಿಂಗ್ಟನ್‌ನಲ್ಲಿ ತೀರಿಕೊಂಡರು.

ಈಜಿಪ್ಟಿನ ರೈತರು ಆಗ ಮಣ್ಣಿನ ಕೊಳವೆಗಳಲ್ಲಿ ಜೇನು ಸಾಕುತ್ತಿದ್ದರು. ತುಪ್ಪ ಬೇಕೆಂದರೆ ಎರಿ ಕೊಯ್ದು ಹಿಂಡಬೇಕು. ಮರಿಹುಳು, ಮಣ್ಣು ಎಲ್ಲವೂ ಅದರಲ್ಲಿ ಸೇರುತ್ತಿತ್ತು. ಚೌಕಟ್ಟುಗಳಿರುವ ಪೆಟ್ಟಿಗೆ ಬಳಸಿ ಎಂದು ಅಬೂ ಶಾದಿ ಒತ್ತಾಯಿಸಿದರು. ಅದರಲ್ಲಿ ಎರಿ ಒಡೆಯದೆ, ಯಂತ್ರದಲ್ಲಿ ತಿರುಗಿಸಿ ತುಪ್ಪ ತೆಗೆಯಬಹುದು. ನಮ್ಮ ಹೆದ್ದಾರಿ ಬದಿಯಲ್ಲಿ ಕೈಯಿಂದ ಹಿಂಡಿ ಹಳೆಯ ಬಾಟಲಿಗೆ ತುಂಬಿದ್ದನ್ನು ‘ಕಾಡಿನ ಅಸಲಿ ಜೇನು’ ಎಂದು ಕೊಳ್ಳುವ ಮುಂಚೆ ಇದನ್ನು ನೆನೆಯಿರಿ.

ಆದರೆ ಹಸುಗೂಸಿನ ವಿಷಯಕ್ಕೆ ಬಂದರೆ ಶುದ್ಧ ಜೇನೂ ಸಲ್ಲದು. ಅಬೂ ಶಾದಿ ತೀರಿಕೊಂಡು ಇಪ್ಪತ್ತು ವರ್ಷ ಕಳೆದ ಮೇಲೆ, 1976ರಲ್ಲಿ, ಶಿಶುಗಳ ಬಾಟುಲಿಸಂ ಎಂಬ ಕಾಯಿಲೆಯನ್ನು ವೈದ್ಯರು ಗುರುತಿಸಿದರು. ಮಣ್ಣು, ಧೂಳಿನಲ್ಲಿರುವ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಸೂಕ್ಷ್ಮಾಣುವಿನ ಬೀಜಾಣು ಕೆಲವೊಮ್ಮೆ ಜೇನಿನಲ್ಲೂ ಇರುತ್ತದೆ. ದೊಡ್ಡವರ ಹೊಟ್ಟೆಯಲ್ಲಿ ಅದು ಸಾಮಾನ್ಯವಾಗಿ ಬೆಳೆಯದು. ಒಂದು ವರ್ಷದೊಳಗಿನ ಮಗುವಿನ ಕರುಳು ಇನ್ನೂ ಬಲಿತಿರುವುದಿಲ್ಲ. ಅಲ್ಲಿ ಅದು ಮೊಳೆತು, ನರಗಳನ್ನು ಸೋಲಿಸುವ ವಿಷ ಉಂಟುಮಾಡಬಲ್ಲದು. ಕಾಯಿಲೆ ಅಪರೂಪ, ನಿಜ. ಬಂದರೆ ಉಸಿರಾಟಕ್ಕೇ ಕುತ್ತು. ಜೇನನ್ನು ಮನೆಯಲ್ಲಿ ಕಾಯಿಸಿದರೂ ಬೀಜಾಣು ಸಾಯದು, ಕಂಪನಿಯ ಮೊಹರಿದ್ದರೂ ಭರವಸೆಯಿಲ್ಲ.

‘ಹಾಗಾದರೆ ತಹ್ನೀಕ್?’ ಎಂದು ಕೇಳುತ್ತೀರಿ. ಪ್ರವಾದಿ(ಸ)ರವರು ಶಿಶುಗಳಿಗೆ ಖರ್ಜೂರದಿಂದ ತಹ್ನೀಕ್ ಮಾಡಿದ್ದು ಹದೀಸ್‌ಗಳಲ್ಲಿದೆ. ಜೇನು ಬಿಟ್ಟರೆ ಸುನ್ನತ್ ತಪ್ಪಿತೆಂದು ಯಾರೂ ಅಳುಕಬೇಕಿಲ್ಲ. ಖರ್ಜೂರದ ರಸ ಸವರುವುದಿದ್ದರೂ ವೈದ್ಯರನ್ನು ಕೇಳಿ, ಸೋಪಿನಿಂದ ಕೈ ತೊಳೆದು, ತುಣುಕು ಬಾಯಿಗೆ ಹೋಗದಂತೆ ಸವರಿ. ಶೀತ, ಕೆಮ್ಮು ಇರುವವರು ಈ ಕೆಲಸಕ್ಕೆ ಬೇಡ. ಆಮೇಲೆ ಆರು ತಿಂಗಳು ತಾಯಿಯ ಹಾಲು ಮಾತ್ರ. ಘುಟ್ಟಿ ಬೇಡ, ಸಕ್ಕರೆ ನೀರೂ ಬೇಡ.

ಬಾಣಂತಿ ಸೊಸೆ ಬಾಯಿಬಿಟ್ಟು ಹೇಳಲಾರಳು. ಮಗುವಿನ ಅಬ್ಬಾ ಆದ ನೀವೇ ಅಮ್ಮಿಗೆ ಮೆಲ್ಲಗೆ ತಿಳಿಸಿ. ಬಂದ ಬಾಟಲಿಯನ್ನು ಮನೆಯ ದೊಡ್ಡವರು ಬಳಸಲಿ.

ಈಗಾಗಲೇ ನೆಕ್ಕಿಸಿಯಾಗಿದ್ದರೆ ಗಾಬರಿ ಬೇಡ, ಮಗುವಿನ ಮೇಲೆ ಕಣ್ಣಿಡಿ. ಮಲಬದ್ಧತೆ, ಹಾಲು ಚೀಪಲು ಬಲವಿಲ್ಲದಿರುವುದು, ಅಳುವಿನ ದನಿ ಕ್ಷೀಣವಾಗುವುದು, ರೆಪ್ಪೆ ಜೋಲುವುದು, ಕತ್ತು ಕೈಕಾಲು ಸಡಿಲವಾಗುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಜೇನು ಕೊಟ್ಟಿದ್ದನ್ನು ವೈದ್ಯರಿಂದ ಮುಚ್ಚಿಡಬೇಡಿ.