ಹಿಮದ ದಾರಿ ಮತ್ತು ಮೈಲಿಗಳ ಲೆಕ್ಕ

ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳ ಮನೆಗಳಲ್ಲಿ ಪ್ರತಿ ಚಳಿಗಾಲವೂ ಒಂದು ವಾಗ್ವಾದ ತಪ್ಪದೆ ನಡೆಯುತ್ತದೆ. ಗಂಡ ಹೆಂಡತಿ ಇಬ್ಬರೇ ಕಾರಿನಲ್ಲಿ ಎಲ್ಲಿಗಾದರೂ ಹೋಗಿ ಬರೋಣವೆಂಬುದು ಅವರ ಆಸೆ. "ಈ ಹಿಮದಲ್ಲಿ ತಿರುಗಾಟವೆ? ಬೆಚ್ಚಗೆ ಮನೆಯಲ್ಲಿರಬಾರದೆ?" ಎಂಬುದು ಊರಿನಿಂದ ಬಂದ ಹಿರಿಯರ ಆಕ್ಷೇಪ. ಈ ವಾದದಲ್ಲಿ ನಾನು ಹಿರಿಯರ ಪಕ್ಷದವನಲ್ಲ. ಹಾಗೆಂದು ಮಕ್ಕಳ ಪಕ್ಷವೂ ನನ್ನದಲ್ಲ. ಹೋಗಬೇಕು, ಖಂಡಿತ ಹೋಗಬೇಕು; ಆದರೆ ಇಂದು ಯೋಜಿಸುತ್ತಿರುವ ರೀತಿಯಲ್ಲಿ ಹೋಗಬಾರದು. ಇದು ನನ್ನ ನಿಲುವು.

ಹೋಗಬೇಕೆಂದು ಏಕೆ ಹೇಳುತ್ತೇನೆ? ಅಲ್ಲಿನ ಚಳಿಗಾಲವನ್ನು ಒಳಗಿದ್ದು ನೋಡಿದವರಿಗೆ ಅದನ್ನು ವಿವರಿಸಬೇಕಿಲ್ಲ. ಡಿಸೆಂಬರಿನಲ್ಲಿ ಷಿಕಾಗೋ ನಗರದಲ್ಲಿ ಸಂಜೆ ನಾಲ್ಕೂವರೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಇಬ್ಬರೂ ದುಡಿಯುವ ಮನೆಯಲ್ಲಿ ಹಾಲು ಮುಗಿದಿದೆ, ಮಗುವಿಗೆ ಜ್ವರ, ಬಾಗಿಲ ಮುಂದಿನ ಹಿಮ ಯಾರು ತೆಗೆಯಬೇಕು ಎಂಬ ಮಾತುಗಳ ಹೊರತು ಬೇರೆ ಮಾತೇ ಇಲ್ಲದೆ ವಾರಗಳು ಕಳೆಯುತ್ತವೆ. ಅಂಥ ದಂಪತಿಗಳಿಗೆ ಎರಡು ದಿನದ ಏಕಾಂತ ವಿಲಾಸವಲ್ಲ, ಅಗತ್ಯ.

ಇನ್ನು ಯೋಜನೆಯ ಮಾತು. ಕೆಲವು ವರ್ಷಗಳ ಹಿಂದೆ, ಜನವರಿ ತಿಂಗಳಿನಲ್ಲಿ ನಾನು ಷಿಕಾಗೋ ಬಳಿಯ ಮಗನ ಮನೆಯಲ್ಲಿದ್ದೆ. ಅವರ ವಿವಾಹ ವಾರ್ಷಿಕೋತ್ಸವದ ಪ್ರವಾಸಕ್ಕೆ ಮಗ ಸಿದ್ಧಪಡಿಸಿದ ಪಟ್ಟಿಯನ್ನು ಹೆಮ್ಮೆಯಿಂದ ನನ್ನ ಕೈಗಿತ್ತ. ಮೊದಲ ದಿನ ಮಿಷಿಗನ್ ಸರೋವರದ ಪೂರ್ವ ತೀರದ ಸಾಗಟಕ್. ಎರಡನೆಯ ದಿನ ಕ್ರಿಸ್‌ಮಸ್ ಅಲಂಕಾರಗಳಿಗೆ ಹೆಸರಾದ ಫ್ರಾಂಕೆನ್‌ಮೂತ್, ರಾತ್ರಿಯೊಳಗೆ ಉತ್ತರ ತುದಿಯ ಮ್ಯಾಕಿನಾ. ಮೂರನೆಯ ದಿನ ಐದು ಮೈಲಿ ಉದ್ದದ ಸೇತುವೆ ದಾಟಿ ವಿಸ್ಕಾನ್ಸಿನ್ನಿನ ಗ್ರೀನ್ ಬೇ. ನಾಲ್ಕನೆಯ ದಿನ ಮನೆ. ಸರೋವರಕ್ಕೆ ಪೂರ್ಣ ಪ್ರದಕ್ಷಿಣೆ! ಒಟ್ಟು 900 ಮೈಲಿಗೂ ಹೆಚ್ಚು, ಎಂದರೆ ಸುಮಾರು 1,500 ಕಿಲೋಮೀಟರು. ಕೊಠಡಿಗಳಿಗೆಲ್ಲ ಮುಂಗಡ ಸಂದಾಯವಾಗಿತ್ತು. ಹಣ ಹಿಂದಿರುಗುವುದಿಲ್ಲವೆಂಬ ಷರತ್ತಿನ ಮೇಲೆ, ಸ್ವಲ್ಪ ಅಗ್ಗವಾಗಿ.

ಮೊಮ್ಮಗಳನ್ನು ನಮಗೊಪ್ಪಿಸಿ ಅವರು ಹೊರಟಾಗ ಷಿಕಾಗೋದಲ್ಲಿ ಬಿಸಿಲಿತ್ತು. ಮೋಸವಿದ್ದುದು ಆ ಬಿಸಿಲಿನಲ್ಲೇ. ಪಶ್ಚಿಮದಿಂದ ಬೀಸುವ ಶೀತಗಾಳಿ ಸರೋವರದ ನೀರಿನ ಮೇಲೆ ಹಾಯುವಾಗ, ತನಗಿಂತ ಬೆಚ್ಚಗಿರುವ ಆ ನೀರಿನಿಂದ ತೇವವನ್ನು ಹೀರಿಕೊಂಡು ಪೂರ್ವ ತೀರದ ಮೇಲೆ ಹಿಮವಾಗಿ ಸುರಿಯುತ್ತದೆ. ಪಶ್ಚಿಮ ತೀರದಲ್ಲಿ ನೀಲಿ ಆಕಾಶವಿರುವ ದಿನವೇ ಎದುರು ತೀರದಲ್ಲಿ ಕೈಯಳತೆಯ ದಾರಿಯೂ ಕಾಣದಿರಬಹುದು. 2015ರ ಜನವರಿ 9ರಂದು ಮಿಷಿಗನ್ ರಾಜ್ಯದ ಐ-94 ಹೆದ್ದಾರಿಯಲ್ಲಿ ಇಂಥ ಹಿಮದ ನಡುವೆಯೇ 193 ವಾಹನಗಳು ಒಂದಕ್ಕೊಂದು ಅಪ್ಪಳಿಸಿದವು. ನನ್ನ ಮಗ ಹಿಡಿದದ್ದೂ ಅದೇ ಹೆದ್ದಾರಿ.

ಸಂಜೆ ಆರಕ್ಕೆ ಬರಬೇಕಾಗಿದ್ದ ಕರೆ ಬರಲಿಲ್ಲ. ಒಂಬತ್ತೂವರೆಗೆ ಬಂದಾಗ ಮಾತಾಡಿದವಳು ಸೊಸೆ. ಕಾರು ಜಾರಿ ರಸ್ತೆಯ ಪಕ್ಕದ ತಗ್ಗಿಗೆ ಇಳಿದಿತ್ತು. ಎಳೆಯುವ ವಾಹನ ಬರುವವರೆಗೆ ಮೂರು ಗಂಟೆ ಕತ್ತಲೆಯಲ್ಲಿ ಕುಳಿತಿದ್ದರು. ಯಾರಿಗೂ ಪೆಟ್ಟಾಗಿರಲಿಲ್ಲ. "ಮಾವ, ಎರಡು ಸಲ ಹೇಳಿದೆ, ವಾಪಸ್ ಹೋಗೋಣ ಅಂತ. ಇನ್ನು ನಲವತ್ತೇ ಮೈಲಿ, ರೂಮಿನ ದುಡ್ಡು ಹೋಗುತ್ತೆ ಅಂದರು," ಎಂದಳು. ಅವಳ ದನಿಯಲ್ಲಿ ಭಯಕ್ಕಿಂತ ನೋವು ಹೆಚ್ಚಾಗಿತ್ತು. ಆ ನೋವಿಗೆ ಕಾರಣ ಹಿಮವಲ್ಲ, ತನ್ನ ಮಾತಿಗೆ ಬೆಲೆ ಇಲ್ಲದೆ ಹೋದದ್ದು. ದಾಂಪತ್ಯದ ಹೆಸರಿನಲ್ಲಿ ಹೊರಟ ಪ್ರಯಾಣದಲ್ಲಿ ದಾಂಪತ್ಯಕ್ಕೇ ಮೊದಲ ಪೆಟ್ಟು!

ಮಗನನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಆ ಪಟ್ಟಿಯ ಮೂಲ ನಾನೇ ಇರಬೇಕು. ಶಾಲಾ ಪ್ರವಾಸಗಳಲ್ಲಿ ಒಂದೇ ದಿನದಲ್ಲಿ ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮುಗಿಸಿದ ಶೂರ ನಾನು. ಬೇಲೂರಿನ ಶಿಲಾಬಾಲಿಕೆಯರ ಮುಂದೆ ನಿಂತ ಮಕ್ಕಳಿಗೆ "ಬೇಗ, ಬೇಗ" ಎಂದು ಕೂಗಿದವನು. ಹಿಂದಿರುಗಿದ ಮೇಲೆ ಪ್ರಬಂಧ ಬರೆಸಿದರೆ ಒಬ್ಬ ಹುಡುಗ ಬಸ್ಸಿನ ವರ್ಣನೆಯನ್ನಷ್ಟೇ ಬರೆದಿದ್ದ. ಅವನಿಗೆ ಕಡಿಮೆ ಅಂಕ ಕೊಟ್ಟೆ. ಅವನು ಬರೆದದ್ದೇ ಸತ್ಯವಾಗಿತ್ತು. ನೋಡುವುದಕ್ಕೂ "ಮುಗಿಸುವುದಕ್ಕೂ" ಇರುವ ಅಂತರವನ್ನು ನಮ್ಮ ಪೀಳಿಗೆ ಮಕ್ಕಳಿಗೆ ಕಲಿಸಲಿಲ್ಲ.

ಹಾಗಾದರೆ ಯೋಜನೆ ಹೇಗಿರಬೇಕು? ಒಂದೇ ಊರು, ಎರಡು ರಾತ್ರಿ, ಹಗಲಿನಲ್ಲೇ ಮುಗಿಯುವ ದಾರಿ. ಷಿಕಾಗೋದಿಂದ ನೈಋತ್ಯಕ್ಕೆ ಸುಮಾರು 95 ಮೈಲಿಯಲ್ಲಿ ಸ್ಟಾರ್ವ್ಡ್ ರಾಕ್ ಉದ್ಯಾನವಿದೆ. ಮರಳುಗಲ್ಲಿನ ಕಮರಿಗಳಲ್ಲಿ ಧುಮುಕುವ ತೊರೆಗಳು ಜನವರಿಯ ಕಡುಚಳಿಯಲ್ಲಿ ನಿಂತಲ್ಲೇ ಮಂಜುಗಡ್ಡೆಯ ಕಂಬಗಳಾಗುತ್ತವೆ. ಅಣೆಕಟ್ಟೆಯ ಕೆಳಗೆ ಇಲಿನಾಯ್ ನದಿಯ ನೀರು ಹೆಪ್ಪುಗಟ್ಟದಿರುವುದರಿಂದ ಬೋಳುತಲೆಯ ಹದ್ದುಗಳು ಮೀನಿಗಾಗಿ ಅಲ್ಲಿ ನೆರೆಯುತ್ತವೆ. 1930ರ ದಶಕದಲ್ಲಿ ಕಟ್ಟಿದ ಅಲ್ಲಿನ ವಸತಿಗೃಹದ ದೊಡ್ಡ ಅಗ್ಗಿಷ್ಟಿಕೆಯ ಮುಂದೆ ಒಂದು ಸಂಜೆ ಕುಳಿತರೆ ಸಾಕು. ಇನ್ನೂ ಸ್ವಲ್ಪ ದೂರ ಬೇಕೆನ್ನುವವರಿಗೆ ವಾಯವ್ಯ ಮೂಲೆಯಲ್ಲಿ, ಸುಮಾರು 165 ಮೈಲಿಯಲ್ಲಿ ಗಲೀನಾ ಇದೆ. ಸೀಸದ ಅದಿರಿನಿಂದ ಹೆಸರು ಪಡೆದ ಊರು. ಹಿಮಯುಗದ ನೀರ್ಗಲ್ಲುಗಳು ಆ ಸೀಮೆಯನ್ನು ಸವರದೆ ಬಿಟ್ಟುದರಿಂದ, ಚಪ್ಪಟೆಯಾದ ಇಲಿನಾಯ್ ಅಲ್ಲಿ ಬೆಟ್ಟಗಳಾಗಿ ಏಳುತ್ತದೆ. ಹತ್ತೊಂಬತ್ತನೆಯ ಶತಮಾನದ ಇಟ್ಟಿಗೆ ಕಟ್ಟಡಗಳ ಬೀದಿಯಿದೆ. ಅಂತರ್ಯುದ್ಧ ಗೆದ್ದು ಬಂದ ಸೇನಾನಿ ಗ್ರಾಂಟ್‌ಗೆ 1865ರಲ್ಲಿ ಊರವರು ಕೊಟ್ಟ ಮನೆಯಿದೆ. ಎರಡೂ ಊರುಗಳು ಸರೋವರದ ಪೂರ್ವಕ್ಕಿಲ್ಲ ಎಂಬುದನ್ನು ಗಮನಿಸಿ. ಅಲ್ಲಿಯೂ ಹಿಮ ಬೀಳುತ್ತದೆ, ಆದರೆ ಸರೋವರ ಹೆರುವ ಆ ಹಠಾತ್ ಹಿಮದ ಕಾಟವಿಲ್ಲ.

ಎರಡನೆಯದಾಗಿ, ರದ್ದುಪಡಿಸುವ ಸ್ವಾತಂತ್ರ್ಯವಿಲ್ಲದ ಕೊಠಡಿಯನ್ನು ಚಳಿಗಾಲದಲ್ಲಿ ಕಾಯ್ದಿರಿಸಲೇಬಾರದು. ಪ್ರಕೃತಿ ಯಾರ ಮುಂಗಡವನ್ನೂ ಸ್ವೀಕರಿಸಿಲ್ಲ. ಸುಪೀರಿಯರ್ ಸರೋವರದ ಅಪೋಸಲ್ ದ್ವೀಪಗಳ ಬಳಿಯ ಹಿಮಗುಹೆಗಳಿಗೆ 2014ರಲ್ಲಿ ಜನಸಾಗರವೇ ಹೆಪ್ಪುಗಟ್ಟಿದ ನೀರಿನ ಮೇಲೆ ನಡೆದುಹೋಯಿತು. ಗಡ್ಡೆ ಗಟ್ಟಿಯಾಗದ ವರ್ಷ ಆ ದಾರಿಯೇ ಇಲ್ಲ. ಮ್ಯಾಕಿನಾ ಸೇತುವೆಯೂ ಮೇಲಿನ ಕೇಬಲ್‌ಗಳಿಂದ ಮಂಜುಗಡ್ಡೆ ಉದುರುವಾಗ ಮುಚ್ಚಿಬಿಡುತ್ತದೆ. ಹವಾಮಾನ ಇಲಾಖೆಯವರು "ವಾಚ್" ಎಂದರೆ ಬಿರುಗಾಳಿ ಬರುವ ಸಂಭವವಿದೆ ಎಂದರ್ಥ. "ವಾರ್ನಿಂಗ್" ಎಂದರೆ ಬಂದಿದೆ ಅಥವಾ ಬರುವುದು ಬಹುತೇಕ ಖಚಿತ. ಮೊದಲನೆಯದಕ್ಕೆ ಬದಲಿ ದಿನ ಹುಡುಕಬೇಕು, ಎರಡನೆಯದಕ್ಕೆ ಕಾರಿನ ಕೀಲಿಯನ್ನು ಮೊಳೆಗೆ ತೂಗುಹಾಕಬೇಕು.

ಹೊರಟ ಕಾರಿನಲ್ಲಿ ಕಂಬಳಿ, ಸಣ್ಣ ಸಲಿಕೆ, ಟಾರ್ಚು, ನೀರು, ತಿಂಡಿ, ಅರ್ಧಕ್ಕಿಂತ ಕೆಳಗಿಳಿಯದ ಪೆಟ್ರೋಲು ಇರಲಿ. ಹಿಮದಲ್ಲಿ ಸಿಕ್ಕಿಕೊಂಡರೆ ಕಾರು ಬಿಟ್ಟು ನಡೆಯಬಾರದು. ಇಂಜಿನನ್ನು ಆಗಾಗ ಸ್ವಲ್ಪ ಹೊತ್ತು ಮಾತ್ರ ಚಾಲೂ ಮಾಡಬೇಕು. ಅದಕ್ಕೂ ಮೊದಲು ಸೈಲೆನ್ಸರ್ ಕೊಳವೆಯ ಬಾಯಿಗೆ ಕಟ್ಟಿದ ಹಿಮ ತೆಗೆಯದಿದ್ದರೆ ವಿಷಾನಿಲ ಒಳಗೇ ತುಂಬಿ ಪ್ರಾಣ ತೆಗೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಕೊನೆಯದು. ಇಬ್ಬರಲ್ಲಿ ಒಬ್ಬರು "ಹಿಂದಿರುಗೋಣ" ಎಂದರೆ, ಕಾರಣ ಕೇಳದೆ ಹಿಂದಿರುಗಬೇಕು. ಚಕ್ರ ಹಿಡಿದವನ ಧೈರ್ಯ ಪಕ್ಕದಲ್ಲಿ ಕುಳಿತವಳ ಭಯಕ್ಕಿಂತ ದೊಡ್ಡದಲ್ಲ.

"ಇಷ್ಟೆಲ್ಲ ಅಂಜಿದರೆ ನೋಡುವುದೇನು ಉಳಿಯಿತು, ಅಪ್ಪ?" ಎಂದು ಮಗ ಕೇಳಿದ್ದುಂಟು. ಉತ್ತರವನ್ನು ನಾನು ಕೊಡಬೇಕಾಗಲಿಲ್ಲ. ಆ ರಾತ್ರಿ ಹೆದ್ದಾರಿ ಬದಿಯ ಒಂದು ಸಾಧಾರಣ ಹೋಟೆಲಿನಲ್ಲಿ ಉಳಿದ ಅವರು, ಮುಂದಿನ ಊರುಗಳನ್ನೆಲ್ಲ ಕೈಬಿಟ್ಟು, ರಸ್ತೆ ತೆರವಾಗುವವರೆಗೆ ಎರಡು ದಿನ ಅಲ್ಲೇ ಕಳೆದರು. ಕಿಟಕಿಯ ಹೊರಗೆ ಹಿಮ ಸುರಿಯುವುದನ್ನು ನೋಡುತ್ತ, ಮೊದಲು ಜಗಳವಾಡಿ, ಆಮೇಲೆ ಮಾತಾಡಿದರಂತೆ. ಈಗಲೂ ಅವರಿಬ್ಬರೂ ನೆನೆಯುವುದು ಆ ಹೋಟೆಲನ್ನೇ. ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ.