ಅಗ್ಗದ ಗಣಕಯಂತ್ರ: ಉಳಿತಾಯ ಎಲ್ಲಿ ಸಲ್ಲದು?

ಮರ್ಕಂಜದಂತಹ ಗ್ರಾಮದ ಕೃಷಿಕರ ಮನೆಗೆ ಕಡಿಮೆ ವೆಚ್ಚದಲ್ಲಿ ಗಣಕಯಂತ್ರ ಜೋಡಿಸಿಕೊಡುವ ಸುಳ್ಯ, ಪುತ್ತೂರಿನ ವರ್ತಕರು ಪ್ರೊಸೆಸರಿನ ವೇಗಕ್ಕಿಂತ ಮೊದಲು ವಿದ್ಯುತ್ತಿನ ವಿಚಾರವನ್ನು ಯೋಚಿಸುವುದು ಲೇಸು. ಮುಂಗಾರಿಗೆ ಮುನ್ನ ಹಾಗೂ ಹಿಂಗಾರಿನಲ್ಲಿ ಗುಡುಗು, ಸಿಡಿಲು, ವೋಲ್ಟೇಜಿನ ಏರಿಳಿತ ಈ ಭಾಗಕ್ಕೆ ಹೊಸದಲ್ಲ. ಹೀಗಿದ್ದೂ ದರದ ಪೈಪೋಟಿಯಲ್ಲಿ ಮೊದಲ ಕತ್ತರಿ ಬೀಳುವುದು ಎಸ್‌ಎಂಪಿಎಸ್‌ಗೆ. ಕ್ಯಾಬಿನೆಟ್ಟಿನೊಡನೆ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಕೆಟ್ಟರೆ ಮದರ್‌ಬೋರ್ಡನ್ನೂ ಕೆಡಿಸಬಲ್ಲದು. 2025ರ ಕೊನೆಯಲ್ಲಿ ಎಐ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಏರಿದ ಮೇಲಂತೂ ಈ ಪ್ರಲೋಭನೆ ಇನ್ನಷ್ಟು ಬಲವಾಯಿತು.

ಉಳಿತಾಯಕ್ಕೆ ಬೇರೆ ದಾರಿಗಳಿವೆ. ಲೆಕ್ಕಪತ್ರ, ಮಕ್ಕಳ ಪಾಠ, ಅಂತರ್ಜಾಲ ಇವಿಷ್ಟಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಅನಗತ್ಯ. ಪ್ರೊಸೆಸರಿನಲ್ಲಿಯೇ ಅಡಕವಾಗಿರುವ ಗ್ರಾಫಿಕ್ಸ್ ಸಾಕು. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿಯಿಂದ ಆರಂಭಿಸಿ, ಖಾಲಿ ಸ್ಲಾಟ್ ಇರುವ ಮದರ್‌ಬೋರ್ಡ್ ಆರಿಸಿದರೆ ಮುಂದೆ ಹೆಚ್ಚಿಸಬಹುದು.

ಹಳೆಯ ಬಿಡಿಭಾಗಗಳ ವಿಷಯದಲ್ಲಿ ಎಚ್ಚರ ಅಗತ್ಯ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಇಂಟೆಲ್‌ನ 8ನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳಲ್ಲಿ ಬಹುತೇಕ ಯಾವುವೂ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಅಂತಹವನ್ನು ಮಾರುವಾಗ ಲಿನಕ್ಸ್ ಬಳಸಬೇಕಾಗುತ್ತದೆಂದು ಗ್ರಾಹಕರಿಗೆ ಮೊದಲೇ ತಿಳಿಸುವುದು ನ್ಯಾಯ.

ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್ ಅಂದಾಜುಪಟ್ಟಿಯಲ್ಲೇ ಸೇರಿರಲಿ. ಯುಪಿಎಸ್ ಸಿಡಿಲನ್ನು ತಡೆಯದು. ಗುಡುಗು ಆರಂಭವಾಗುವ ಮುನ್ನವೇ ಪ್ಲಗ್ಗನ್ನೂ ಅಂತರ್ಜಾಲದ ತಂತಿಯನ್ನೂ ಕಳಚಿಡುವಂತೆ ಹೇಳಿಕೊಡಬೇಕು. ಪ್ರತಿಯೊಂದು ಬಿಡಿಭಾಗದ ಮಾದರಿ, ಕ್ರಮಸಂಖ್ಯೆ, ವಾರಂಟಿ ಅವಧಿಯನ್ನು ಬಿಲ್ಲಿನಲ್ಲಿ ನಮೂದಿಸುವ ವರ್ತಕನು ಆನ್‌ಲೈನ್ ದರಕ್ಕೆ ಅಷ್ಟಾಗಿ ಅಂಜಬೇಕಿಲ್ಲ. ಯಂತ್ರ ಕೆಟ್ಟಾಗ ಗ್ರಾಹಕರು ಹುಡುಕಿಕೊಂಡು ಬರುವುದು ಊರಿನ ಅಂಗಡಿಯನ್ನೇ.